ಹುಷಾರು ಹೆಚ್ಚಾದಾಗ

ನಮ್ಮ ಹೊಲಿಗೆ ಟೀಚರ ತುಟಿಗಳ ನಡುವೆ ಯಾವಾಗಲೂ ಎರಡು ಮೂರು ಗುಂಡುಸೂಜಿಗಳಿರುತ್ತಿದ್ದವು. ಅವನ್ನು ಕಚ್ಚಿಕೊಂಡೇ ಅಳತೆ ಹೇಳುತ್ತಿದ್ದರು, ಬೈಯುತ್ತಿದ್ದರು, ಕೆಳಗಿನ ಹೋಟೆಲಿಗೆ ಚಹಾ ಕೂಗುತ್ತಿದ್ದರು. ಸೂಜಿಗಳನ್ನು ತೆಗೆದು ಸೆರಗಿಗೆ ಸಿಕ್ಕಿಸಿದರೆಂದರೆ ಯಾರಿಗೋ ಗ್ರಹಚಾರ ಕಾದಿದೆ ಎಂದೇ ಅರ್ಥ. ನಾವು ಎಂಟು ಹುಡುಗಿಯರೂ ಮಷಿನ್ ತುಳಿಯುವುದನ್ನು ನಿಲ್ಲಿಸಿಬಿಡುತ್ತಿದ್ದೆವು.

ಎನ್.ಆರ್.ಪುರದ ಒಂದು ಜವಳಿ ಅಂಗಡಿಯ ಮಹಡಿಯಲ್ಲಿ ಅವರ ಕ್ಲಾಸು. ನಾನು ಸೀತೂರಿನಿಂದ ಬೆಳಗಿನ ಬಸ್ಸಿಗೆ ಬರುತ್ತಿದ್ದೆ. ಮೊಬೈಲು ಆಗಷ್ಟೇ ನಮ್ಮ ಕಡೆ ಕಾಣತೊಡಗಿದ್ದ ಕಾಲ. ಗುಂಡಿಯ ಕಾಜಾ, ಅಂಚು ಮಡಿಸುವ ಹೆಮ್ಮಿಂಗ್, ನೆರಿಗೆ, ಹೀಗೆ ಕಲಿತದ್ದನ್ನೆಲ್ಲ ಒಂದೊಂದು ಬಟ್ಟೆ ತುಂಡಿನ ಮೇಲೆ ಹೊಲಿದು ರೆಕಾರ್ಡ್ ಪುಸ್ತಕದಲ್ಲಿ ಅಂಟಿಸಬೇಕು, ಪಕ್ಕದಲ್ಲಿ ತಾರೀಕು ಬರೆಯಬೇಕು. ಕೆಟ್ಟದಾಗಿ ಬಂದದ್ದನ್ನೂ ಕಿತ್ತು ಹಾಕುವಂತಿಲ್ಲ. ತಪ್ಪಿದ್ದನ್ನು ಇನ್ನೊಂದು ತುಂಡಿನ ಮೇಲೆ ಮತ್ತೆ ಹೊಲಿಸುತ್ತಿದ್ದರು. ರವಿಕೆ ತಪ್ಪಿದರಂತೂ ಪೂರ್ತಿ ಬಿಚ್ಚಿಸುತ್ತಿದ್ದರು. "ಬಿಚ್ಚೋಕೆ ನಾಚ್ಕೊಂಡೋಳು ಟೈಲರ್ ಆಗಲ್ಲ ಮಾರಾಯ್ತಿ" ಎನ್ನುವುದು ಅವರ ಮಾತು. ನನಗದು ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿತ್ತು.

ಎರಡನೇ ವರ್ಷ ನಾನು ಮಂಕಾದೆ. ಸೂಜಿಗೆ ದಾರ ಪೋಣಿಸಲು ಅರ್ಧ ಗಂಟೆ ಬೇಕಾಗುತ್ತಿತ್ತು. ಊಟ ರುಚಿಸದು, ಸ್ನಾನ ಬೇಡ, ಬಸ್ಸಿನಲ್ಲಿ ಸುಮ್ಮಸುಮ್ಮನೆ ಅಳು. ಅಮ್ಮ ಕೇಳಿದರೆ ಹೇಳಲು ಏನೂ ಇರಲಿಲ್ಲ. ಅವಳು ದೃಷ್ಟಿ ತೆಗೆದಳು, ಹರಕೆ ಹೊತ್ತಳು. ಕೊನೆಗೆ ಡಾಕ್ಟರೊಬ್ಬರು ಖಿನ್ನತೆ ಎಂದು ಮಾತ್ರೆ ಬರೆದುಕೊಟ್ಟರು. ಕೆಲವು ವಾರಗಳಲ್ಲಿ ಎದ್ದೆ. ಎದ್ದದ್ದೇನು, ಹಾರಿದೆ.

ಒಂದೇ ದಿನ ಹನ್ನೊಂದು ಸ್ಯಾಂಪಲ್ ಹೊಲಿದೆ. ನಿದ್ದೆ ಎರಡು ಗಂಟೆ ಸಾಕಾಗುತ್ತಿತ್ತು. ಕೊಪ್ಪ, ಶೃಂಗೇರಿ, ಎನ್.ಆರ್.ಪುರ, ಮೂರೂ ತಾಲ್ಲೂಕಿನ ಶಾಲೆಗಳಿಗೆ ಯೂನಿಫಾರ್ಮು ನಾನೊಬ್ಬಳೇ ಹೊಲಿಯುವುದೆಂದು ತೀರ್ಮಾನಿಸಿದೆ. ಟೇಪು ಹಿಡಿದು ಹರಿಹರಪುರಕ್ಕೆ ಹೋದೆ, ಕಮ್ಮರಡಿಗೆ ಹೋದೆ. ಕೇಳದೆಯೇ ಶಾಲೆಯೊಳಗೆ ನುಗ್ಗಿ ಮಕ್ಕಳ ಅಳತೆ ತೆಗೆಯತೊಡಗಿದೆ. ಮಕ್ಕಳು ನಕ್ಕರು, ಮೇಷ್ಟ್ರು ನಗಲಿಲ್ಲ. ಅಮ್ಮನಿಗೆ ಮಾತ್ರ ಹಿಗ್ಗೋ ಹಿಗ್ಗು. "ಮಗಳು ಹುಷಾರಾದ್ಲು" ಎಂದು ಹರಕೆ ತೀರಿಸಿಯೂ ಬಂದಳು.

ಹೆದರಿದವರು ಟೀಚರ್ ಒಬ್ಬರೇ. ಒಂದು ಭಾನುವಾರ ನನ್ನ ರೆಕಾರ್ಡ್ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಮನೆಗೇ ಬಂದರು. ಬಾಯಲ್ಲಿ ಸೂಜಿ ಇರಲಿಲ್ಲ. ಅದನ್ನು ಕಂಡೇ ನನಗೆ ಸಿಟ್ಟು ಬಂತು.

"ಇವಳನ್ನ ಶಿವಮೊಗ್ಗಕ್ಕೆ ಕರ್ಕೊಂಡು ಹೋಗಾಣ. ಮನಸ್ಸಿನ ಡಾಕ್ಟ್ರಿದಾರೆ" ಎಂದರು.

"ಎಂತದು ಟೀಚರ್ರೇ, ಈಗಷ್ಟೇ ಹುಷಾರಾಗಿದಾಳೆ" ಎಂದಳು ಅಮ್ಮ.

"ಹುಷಾರು ಜಾಸ್ತಿ ಆಗಿದೆ. ಅದೇ ನಂಗೆ ಹೆದ್ರಿಕೆ."

ನಾನು ಬಾಯಿಗೆ ಬಂದಂತೆ ಕೂಗಾಡಿದೆ. ನನ್ನ ಕೆಲಸ ನೋಡಿ ನಿಮಗೆ ಹೊಟ್ಟೆಕಿಚ್ಚು, ಗಂಡನಿಲ್ಲದವಳು ಬೇರೆಯವರ ಮನೆ ಉಸಾಬರಿಗೆ ಯಾಕೆ ಬರಬೇಕು ಎಂದೂ ಅಂದೆ. ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಅವರು ಅಪ್ಪಯ್ಯನ ಕಡೆ ತಿರುಗಿ ಮೆಲ್ಲಗೆ ಹೇಳಿದರು: "ನನ್ ತಮ್ಮ ಹಿಂಗೇ ನಗ್ತಾ ಓಡಾಡ್ತಿದ್ದಾಗ ನಾವೆಲ್ಲ ಸಂತೋಷಪಟ್ವಿ. ಆಮೇಲೆ ಅವನು ನಮಗೆ ಸಿಗ್ಲಿಲ್ಲ." ಅಪ್ಪಯ್ಯ ಪುಸ್ತಕದ ಹಾಳೆಗಳನ್ನು ಒಂದೊಂದಾಗಿ ಮಗುಚಿದರು. ಹೊಲಿಗೆ ಅವರಿಗೆ ಏನು ತಿಳಿಯಬೇಕು! ಆದರೆ ಪೂರ್ತಿ ನೋಡಿ ಮುಗಿಸಿ, "ಬಸ್ಸು ಎಷ್ಟೊತ್ತಿಗೆ?" ಎಂದರು.

ನಾನು ಖುಷಿಯಾಗಿಯೇ ಹೊರಟೆ. ಡಾಕ್ಟರ ಕೋಟಿಗೂ ಅಳತೆ ತೆಗೆಯುವ ಯೋಚನೆಯಿತ್ತು.

ಡಾಕ್ಟರು ಎಲ್ಲ ರೋಗಿಗಳನ್ನೂ ಕೇಳುವಂತೆಯೇ ಕೇಳಿದರು, "ಯಾವಾಗಿಂದ ಹುಷಾರಿಲ್ಲ?" ಅಮ್ಮ, "ಈಗ ಹುಷಾರಿದಾಳೆ ಸಾರ್, ಮೊದ್ಲಿಗಿಂತ ಹುಷಾರು" ಎಂದಳು. ಟೀಚರ್ ಪುಸ್ತಕ ಬಿಚ್ಚಿ ಮೇಜಿನ ಮೇಲಿಟ್ಟರು. ಎರಡು ತಿಂಗಳಲ್ಲಿ ಒಂದೇ ಒಂದು ಸೊಟ್ಟ ಕಾಜಾ. ಆಮೇಲೆ ಒಂದೇ ತಾರೀಕಿನಲ್ಲಿ ಹನ್ನೊಂದು ತುಂಡು, ಒಂದರ ದಾರಕ್ಕೂ ಕೊನೆಯಲ್ಲಿ ಗಂಟು ಹಾಕಿಲ್ಲ. ಟೀಚರ್ ಹಿಂದಿನ ವರ್ಷದ ಹಾಳೆಗಳನ್ನು ತೆಗೆದು ತೋರಿಸಿದರು. ಅಲ್ಲಿಯೂ ಹದಿನೈದು ದಿನ ಅಂಥದೇ ಓಟ. ಆಗ ಇನ್ನೂ ನಾನು ಯಾವ ಮಾತ್ರೆಯನ್ನೂ ತಿಂದಿರಲಿಲ್ಲ. ಆ ಹದಿನೈದು ದಿನವನ್ನು ಮನೆಯಲ್ಲಿ ಎಲ್ಲರೂ ಚುರುಕು ಎಂದು ಹೊಗಳಿದ್ದರು.

ಡಾಕ್ಟರು ನನ್ನ ನಿದ್ದೆಯ ಬಗ್ಗೆ, ಮಾತಿನ ಬಗ್ಗೆ, ಮನೆತನದಲ್ಲಿ ಬೇರೆ ಯಾರಿಗಾದರೂ ಹೀಗಿತ್ತೇ ಎಂಬುದರ ಬಗ್ಗೆ ತುಂಬ ಹೊತ್ತು ಕೇಳಿದರು. ಆಮೇಲೆ, "ಇದು ಬರೀ ಖಿನ್ನತೆ ಅಲ್ಲ, ಬೈಪೋಲಾರ್. ಇಳಿಯೋದೂ ಕಾಯಿಲೆ, ಏರೋದೂ ಅದೇ ಕಾಯಿಲೆ. ಮೊದಲಿನ ಡಾಕ್ಟರಿಗೆ ನೀವು ಅರ್ಧ ಮಾತ್ರ ಹೇಳಿದ್ದೀರಿ. ಸಂತೋಷವಾಗಿದ್ದದ್ದನ್ನು ಡಾಕ್ಟರ ಹತ್ತಿರ ಯಾರು ಹೇಳ್ತಾರೆ?" ಎಂದರು. ಹಳೆಯ ಮಾತ್ರೆ ನಿಂತಿತು, ಬೇರೆ ಮಾತ್ರೆ ಬಂತು, ಆಗಾಗ ರಕ್ತಪರೀಕ್ಷೆಯೂ ಗಂಟುಬಿತ್ತು. ಒಬ್ಬರು ಒಂದು ಹೇಳಿದರೆ ಇನ್ನೊಬ್ಬರು ಇನ್ನೊಂದು ಹೇಳುತ್ತಾರಲ್ಲ ಎಂದು ಅಮ್ಮ ಕಣ್ಣೀರಿಟ್ಟಾಗ ಟೀಚರ್ ಹೇಳಿದ್ದು ಮತ್ತೆ ಅದೇ ಬಿಚ್ಚಿ ಹೊಲಿಯುವ ಮಾತು. ಆ ದಿನ ಮಾತ್ರ ಅಮ್ಮನಿಗೆ ಅದು ಸಮಾಧಾನ ಕೊಟ್ಟಿತು.

ಕಾಯಿಲೆ ಹತೋಟಿಗೆ ಬಂತು, ಭಯ ಮಾತ್ರ ಹತೋಟಿಗೆ ಬರಲಿಲ್ಲ. ಸ್ವಲ್ಪ ಜೋರಾಗಿ ನಕ್ಕರೆ, ಇದು ನನ್ನ ನಗುವೋ ಕಾಯಿಲೆಯದೋ? ಒಂದು ಸಂಜೆ ಬೇಸರವಾದರೆ, ಶುರುವಾಯಿತೇ? ಟೀಚರಿಗೂ ಅದೇ ಭಯ. ಹೊಲಿಗೆ ಪರೀಕ್ಷೆ ಪಾಸಾದ ದಿನ ನಾನು ಹಾಡು ಗುನುಗುತ್ತ ಮಷಿನ್ ತುಳಿಯುತ್ತಿದ್ದರೆ, "ಇವತ್ತು ಕಾಲು ಜೋರಾಗಿದೆಯಲ್ಲೇ, ಮಾತ್ರೆ ತಗೊಂಡ್ಯಾ?" ಎಂದುಬಿಟ್ಟರು.

"ಖುಷಿಪಡೋಕೂ ನಿಮ್ಮ ಅಪ್ಪಣೆ ಬೇಕಾ?" ಎಂದೆ.

ಅವರು ಸೂಜಿಗಳನ್ನು ತೆಗೆದರು. "ತಪ್ಪಾಯ್ತು ಕಣೇ. ನಂಗೆ ಗೊತ್ತಾಗಲ್ಲ, ಹೆದ್ರಿಕೆ ಆಗತ್ತೆ" ಎಂದರು. ಕೆಳಗಿನಿಂದ ಜಿಲೇಬಿ ತರಿಸಿ ಎಲ್ಲರಿಗೂ ಹಂಚಿದರು. ನನಗಾಗಿ ಅಷ್ಟು ಹೆದರಿ ನನ್ನನ್ನು ಕಾದವರು ಇನ್ನೊಬ್ಬರಿಲ್ಲ.

ಕೆಲವು ವರ್ಷಗಳ ಬಳಿಕ, ನಾನು ನನ್ನದೇ ಅಂಗಡಿ ಇಟ್ಟ ಮೇಲೆ, ಅವರು ಹೃದಯಾಘಾತದಿಂದ ಒಂದೇ ದಿನದಲ್ಲಿ ಹೋದರು. ಮಣ್ಣಿಗೆ ಹೋಗಿ ಬಂದೆ, ಅಳಲಿಲ್ಲ. ಅಳಲು ಧೈರ್ಯ ಬರಲಿಲ್ಲ. ಊಟ ಸೇರದು, ನಿದ್ದೆ ಬಾರದು, ಕತ್ತರಿ ಹಿಡಿದರೆ ಕೈ ಮುಂದೆ ಸಾಗದು. ಮತ್ತೆ ಕಾಯಿಲೆ ಶುರುವಾಯಿತೇ ಎಂದು ದಿನ ಎಣಿಸುತ್ತ ಹನ್ನೆರಡನೆಯ ದಿನ ಶಿವಮೊಗ್ಗಕ್ಕೆ ಒಬ್ಬಳೇ ಓಡಿದೆ.

ಡಾಕ್ಟರು ಎಲ್ಲವನ್ನೂ ಕೇಳಿದರು. "ಅವರ ಮಾತು ಬಂದರೆ ಏನಾಗುತ್ತೆ?"

"ಅಳು ಬರತ್ತೆ ಸಾರ್, ತಡ್ಕೋತೀನಿ. ಅವ್ರು ಬೈದಿದ್ದು ನೆನಪಾದ್ರೆ ನಗುನೂ ಬರತ್ತೆ."

ಅವರು ಪೆನ್ನು ಕೆಳಗಿಟ್ಟರು. "ಇದು ದುಃಖ ಕಣಮ್ಮ. ಕಾಯಿಲೆ ಅಲ್ಲ. ಮಾತ್ರೆ ಬಿಡಬೇಡ, ಮುಂದಿನ ವಾರ ಬಂದು ತೋರಿಸು. ಅಳು ಬಂದರೆ ಅತ್ತುಬಿಡು."

ವಾಪಸು ಬರುವ ಬಸ್ಸು ಊರು ದಾಟುವ ಮೊದಲೇ ಅಳತೊಡಗಿದೆ. ತಡೆಯಲೂ ಇಲ್ಲ, ಮುಖ ಮುಚ್ಚಿಕೊಳ್ಳಲೂ ಇಲ್ಲ. ಪಕ್ಕದಲ್ಲಿ ಕೂತಿದ್ದ ಹೆಂಗಸು ನನ್ನ ಕೈ ಹಿಡಿದು, "ಎಂತ ಆಯ್ತು ಮಾರಾಯ್ತಿ?" ಎಂದಳು.

"ನಮ್ಮ ಟೀಚರ್ ತೀರ್ಕೊಂಡ್ರು" ಎಂದೆ. ಅಳುತ್ತಿದ್ದಾಗ ಕಾರಣ ಕೇಳಿದವರಿಗೆ ಕಾರಣ ಹೇಳಲು ನನಗೆ ಸಾಧ್ಯವಾದದ್ದು ಅದೇ ಮೊದಲು.