ಮುಂದ ಓಡಸಾಕ ಬರದ ವಿಡಿಯೋ

ಗೆಳೆಯರ, ಇವತ್ತ ನಮ್ಮ ಸಾಲಿ ಸ್ಟಾಫ್‌ರೂಮಿನ್ಯಾಗ ಆನ್‌ಲೈನ್ ತರಬೇತಿ ಇತ್ತು. ವಿಷಯ, ದೊಡ್ಡವರಿಗೆ ಬ್ಯಾಸರ ಆಗದಂಗ ಕಲಿಸೂದು ಹೆಂಗ. ವಿಡಿಯೋ ಮುಂದ ಓಡಸಾಕ ಬರಂಗಿಲ್ಲ. ನಡುನಡುವ "ನೀವು ಇದ್ದೀರಾ?" ಅಂತ ಕೇಳತೈತಿ, ಹೌದು ಅಂತ ಒತ್ತಲಿಲ್ಲಂದ್ರ ಮತ್ತ ಮೊದಲಿಂದ ಶುರು. ಅದಕ್ಕ ಎಲ್ಲಾರ ಫೋನೂ ಟೇಬಲ್ ಮ್ಯಾಲ ಸಾಲಾಗಿ ಇಟ್ಟಿದ್ವಿ. ಒತ್ತೂ ಪಾಳಿ ಇವತ್ತ ನಂದು. ಉಳದವರು ಸಂಶಿ ಸಂತ್ಯಾಗ ತಂದ ಮೆಂತೇಪಲ್ಲೆ ಸೋಸಾಕತ್ತಿದ್ರು.

ತಾಸಗಟ್ಟಲೆ ಮಾತಾಡಿದ ಮ್ಯಾಲ ವಿಡಿಯೋದಾಗಿನ ಸಾಹೇಬ್ರು ಹೇಳಿದ್ರು, "ದೊಡ್ಡವರಿಗೆ ಉದ್ದ ಭಾಷಣ ಮಾಡಬಾರದು." ಯಾರೂ ತಲಿ ಎತ್ತಲಿಲ್ಲ. ಎಲ್ಲಾರಿಗೂ ಪ್ರಮಾಣಪತ್ರ ಬಂತು.

"ಏನ್ ಹೇಳಿದ್ರು ಅದರಾಗ?" ಅಂತ ಕಮಲಾ ಟೀಚರು ಕೇಳಿದ್ರು.

ಹೇಳಿದೆ.

ಅವರು ಪಲ್ಲೆ ಸೋಸ್ಕೋತನ ಅಂದ್ರು, "ಹಂಗಾರ ಆ ಸಾಹೇಬ್ರನ್ನ ಕುಂದ್ರಿಸಿ ಇದನ್ನ ಒಮ್ಮಿ ಪೂರಾ ತೋರಸ್ರಿ. ಮುಂದ ಓಡಸಾಕ ಬಿಡಬ್ಯಾಡ್ರಿ."