ಒಂದು ಲಕ್ಷದ ಮೂರು ಗುಂಡಿಗಳು

ನಮ್ಮ ಭಾವ ನಿವೃತ್ತರಾಗಿ ಐದು ವಾರವಾದರೂ ಉಗ್ರಾಣದ ಕೀಲಿಕೈ ಅವರ ಸೊಂಟದಿಂದ ಇಳಿದಿರಲಿಲ್ಲ. ತಪ್ಪು ನನ್ನದೇ. ಅಂಗಿ ಗುಂಡಿ ಮಾಡುವ ಕಾರ್ಖಾನೆಯಲ್ಲಿ ನಾನು ಯಂತ್ರ ನಡೆಸುವವನು, ಭಾವ ಉಗ್ರಾಣ ನೋಡುವವರು. ಅವರ ಕೊನೆಯ ದಿನ ಒಂದು ಲಕ್ಷ ಗುಂಡಿ ತೆಗೆಯಬೇಕಿತ್ತು. ನನಗೆ ಸೀನು ಬಂತು. ಯಂತ್ರ ನಿಲ್ಲಿಸುವಷ್ಟರಲ್ಲಿ ಮೂರು ಹೆಚ್ಚಿಗೆ ಬಿದ್ದವು.

ಭಾವ ಗುಂಡಿಗಳನ್ನು ನೆಲದ ಮೇಲೆ ಸಮನಾದ ಸಾಲುಗಳಲ್ಲಿ ಜೋಡಿಸುತ್ತಾರೆ. ಎಷ್ಟು ಸಾಲು, ಸಾಲಿಗೆ ಎಷ್ಟು ಎಂದು ಪುಸ್ತಕದಲ್ಲಿ ಬರೆದು ಸಹಿ ಹಾಕುತ್ತಾರೆ. ಒಂದು ಮಿಕ್ಕರೂ ಸಹಿಯಿಲ್ಲ, ಸಹಿಯಿಲ್ಲದೆ ಕೀಲಿಕೈ ಕೊಡುವಂತಿಲ್ಲ. ಮೂರನ್ನು ಎಸೆದುಬಿಡಿ ಎಂದೆ.

"ಹುಟ್ಟಿದ್ದನ್ನ ಹುಟ್ಟೇ ಇಲ್ಲ ಅಂತ ಬರೆಯೋಕಾಗುತ್ತೇನೋ?" ಎಂದರು.

ಎರಡು ಸಾಲು ಮಾಡಿದರು, ಒಂದು ಮಿಕ್ಕಿತು. ಮೂರು ಸಾಲಿಗೂ ಒಂದು ಮಿಕ್ಕಿತು. "ಎರಡಕ್ಕೇ ಆಗದ್ದು ನಾಲ್ಕಕ್ಕೆ ಹೇಗಾಗುತ್ತೆ ಭಾವ?" ಎಂದರೆ, "ಕೇಳದೇ ಇಲ್ಲ ಅನ್ನೋದು ಮರ್ಯಾದೆ ಅಲ್ಲ" ಎಂದು ನಾಲ್ಕನ್ನೂ ಕೇಳಿದರು. ಮೂರು ಮಿಕ್ಕವು. ಆ ಸಂಖ್ಯೆ ಬಡಪೆಟ್ಟಿಗೆ ಬಗ್ಗುವ ಆಸಾಮಿಯಲ್ಲ, ಭಾವ ಹಿಡಿದ ಮೊಲಕ್ಕೂ ಮೂರೇ ಕಾಲು.

ನಡುವೆ ಸಿಕ್ಕಿ ನರಳಿದವಳು ಅಕ್ಕ. ಮದುವೆಯಾದಾಗಿನಿಂದ ಅವಳು ಗಂಡನನ್ನು ಕೇಳಿದ್ದು ಒಂದೇ, ಸಮುದ್ರ ನೋಡಬೇಕು ಅಂತ. ಈ ಗುಂಡಿಗಳಿಂದ ಎರಡು ಸಲ ಬಸ್ಸಿನ ಟಿಕೆಟ್ ಹರಿದು ಹಾಕಿದ್ದಾಗಿತ್ತು. ಮೂರನೆಯದು ಹಿಡಿದುಕೊಂಡು ಉಗ್ರಾಣಕ್ಕೇ ಬಂದಳು. ಬಸ್ಸು ಮರುದಿನ ಬೆಳಿಗ್ಗೆ.

ಭಾವ ಆಗಷ್ಟೇ ಮುನ್ನೂರ ಹದಿನಾರು ಸಾಲು ಮುಗಿಸಿ, ಮಿಕ್ಕ ನೂರ ನಲವತ್ತೇಳು ಗುಂಡಿಗಳ ಮುಂದೆ ತಲೆಯ ಮೇಲೆ ಕೈ ಹೊತ್ತು ಕೂತಿದ್ದರು. ಇನ್ನು ಸಾಲು ಹೆಚ್ಚಿಸಿದರೆ ಸಾಲಿಗೆ ಬೀಳುವ ಗುಂಡಿ ಮುನ್ನೂರ ಹದಿನಾರಕ್ಕಿಂತ ಹೆಚ್ಚಾಗುವುದಿಲ್ಲ, ಅಷ್ಟರೊಳಗಿನ ಸಂಖ್ಯೆಗಳನ್ನೆಲ್ಲ ಆಗಲೇ ನೋಡಿಯಾಗಿತ್ತು.

"ಇದು ಯಾವುದರಿಂದಲೂ ಭಾಗವಾಗಲ್ಲ ಕಣೇ" ಎಂದರು.

"ಒಂದೇ ಸಾಲು ಮಾಡಿ" ಎಂದಳು ಅಕ್ಕ.

ಭಾವ ಬಾಯಿ ಬಿಟ್ಟುಕೊಂಡು ನೋಡಿದರು. ಒಂದೇ ಸಾಲು ಕೂಡದು ಎಂದು ಯಾವ ನಿಯಮವೂ ಇರಲಿಲ್ಲ. ಆದರೆ ಒಂದು ಗುಂಡಿ ಒಂದು ಸೆಂಟಿಮೀಟರ್ ಅಗಲ, ಸಾಲು ಒಂದು ಕಿಲೋಮೀಟರ್ ಉದ್ದ. ಉಗ್ರಾಣದಲ್ಲಿ ಹಿಡಿಯದೆ ಬಾಗಿಲು ದಾಟಿಸಿದೆವು. ಕಾರ್ಖಾನೆಯವರೆಲ್ಲ ಮೊಣಕಾಲೂರಿ ಬೀದಿಯುದ್ದಕ್ಕೂ ಜೋಡಿಸಿದೆವು. ಸೈಕಲ್ಲಿನವರು ಇಳಿದು, ಸೈಕಲ್ಲನ್ನು ಹೊತ್ತುಕೊಂಡು ಸಾಲು ದಾಟಿದರು. ಹೊತ್ತು ಮುಳುಗುವಾಗ ಕೊನೆಯ ಗುಂಡಿ ಭಾವನ ಮನೆಯ ಹೊಸ್ತಿಲಿಗೆ ಬಂತು.

ಸಾಲು ಒಂದು, ಸಾಲಿಗೆ ಒಂದು ಲಕ್ಷದ ಮೂರು ಎಂದು ಬರೆದರು. ಸಹಿಗೆ ಹೋದ ಪೆನ್ನು ನಿಂತಿತು.

"ನಡುವೆ ಒಂದು ಸರಿದಿದ್ರೆ? ಇನ್ನೊಂದ್ಸಲ ನೋಡ್ಕೊಂಡು ಬರ್ತೀನಿ."

ಅಕ್ಕ ಹೊಸ್ತಿಲ ಮೇಲೆ ಕೂತುಬಿಟ್ಟಳು. "ಮೂವತ್ತೊಂದು ವರ್ಷ ಉಗ್ರಾಣ ತಿಂದು ಮಿಕ್ಕಿದ್ದಷ್ಟೇ ನನಗೆ ಸಿಕ್ಕಿದ್ದು ರೀ. ಅದರಲ್ಲೇ ಬಾಳಿದ್ದೀನಿ. ನಾಳೆ ನನಗೆ ನೀವು ಪೂರ್ತಿ ಬೇಕು."

ನನಗೆ ಅಳು ಬಂತು, ಮುಚ್ಚಿಡುವುದೇನಿದೆ. ಭಾವ ಬೀದಿಗಿಟ್ಟ ಕಾಲನ್ನು ಹಿಂದಕ್ಕೆ ತೆಗೆದುಕೊಂಡರು. ಆಮೇಲೆ ಸಹಿ ಹಾಕಿ, ಕೀಲಿಕೈ ಬಿಚ್ಚಿ ನನ್ನ ಕೈಗಿಟ್ಟು, ಅಕ್ಕನ ಪಕ್ಕ ಕೂತರು.

"ಬಸ್ಸು ಎಷ್ಟು ಗಂಟೆಗೆ?" ಎಂದು ಕೇಳಿದರು.