ಆರ್ಡಿಸಳ ಪಾಲಿನ ಅರ್ಧ

ಸರೋವರದ ದಡದ ನಮ್ಮ ಶೆಬಾಯ್ಗನ್ ಊರಿನ ಜನ ಸಾವಿನ ಮನೆಗೆ ಹಂದಿಮಾಂಸದ ಹ್ಯಾಮು, ಆಲೂಗಡ್ಡೆ, ಕೇಕು ಎಲ್ಲವನ್ನೂ ಹೊತ್ತುಕೊಂಡು ಹೋಗುತ್ತಾರೆ. ಒಂದು ಮಾತನ್ನು ಮಾತ್ರ ಒಯ್ಯುವುದಿಲ್ಲ. ಮಣ್ಣು ಮಾಡಿ ಬಂದ ಮೇಲಂತೂ ಸತ್ತವರ ಹೆಸರೆತ್ತುವುದೇ ಮಹಾಪಾಪ ಎಂಬಂತೆ ಹವಾಮಾನದ ಸುದ್ದಿ ತೆಗೆಯುತ್ತಾರೆ. ಸರೋವರದ ಗಾಳಿ ಜೋರಂತೆ, ಈ ಸಲ ಹಿಮ ಬೇಗ ಬೀಳುತ್ತದಂತೆ. ಬೀಳಲಿ ಬಿಡಿ, ಯಾರಪ್ಪನ ಗಂಟು ಹೋಗುತ್ತದೆ!

ವಿಲ್ಬರ್ಟ್ ಟೆಸ್ಕೆ ಹೆಂಡತಿ ಆರ್ಡಿಸಳನ್ನು ಕಳೆದುಕೊಂಡದ್ದು ಈಸ್ಟರ್ ಹಬ್ಬಕ್ಕೆ ಮುಂಚೆ. ಈಗ ಮೇಪಲ್ ಎಲೆಗಳೆಲ್ಲ ಉದುರಿ ಬೀದಿ ತುಂಬಿವೆ. ಅಷ್ಟು ದಿನವೂ ಅವನಿಗೆ ಹವಾಮಾನವೇ ಗತಿಯಾಯಿತು. ಪಾದ್ರಿ, ಪಕ್ಕದ ಮನೆಯವನು, ಅಂಚೆಯವಳು, ಒಬ್ಬರಾದರೂ ಅವಳ ಹೆಸರೆತ್ತಬೇಕೇ? ಊಹೂಂ. ಎಲ್ಲರಿಗೂ ಗೊತ್ತಿದ್ದ ಸಂಗತಿಯಾದ್ದರಿಂದ ಇವನೂ ಯಾರಿಗೂ ಹೇಳಬೇಕಾಗಿ ಬರಲಿಲ್ಲ.

ಆ ಶನಿವಾರ ಮಧ್ಯಾಹ್ನ ಅವನು ಗಟ್ಟಿ ಮನಸ್ಸು ಮಾಡಿ ಬ್ರಾಂಟ್ ಪಬ್ಬಿನ ಬಾಗಿಲು ತಳ್ಳಿದ. ಮದುವೆಯಾದಾಗಿನಿಂದ ಗಂಡಹೆಂಡತಿ ಶನಿವಾರ ಹ್ಯಾಂಬರ್ಗರ್ ತಿಂದದ್ದು ಇಲ್ಲಿಯೇ. ಅವಳು ಹೋದ ಮೇಲೆ ಅವನು ಇತ್ತ ಕಾಲಿಟ್ಟಿರಲಿಲ್ಲ. ಇವತ್ತು ಇಲ್ಲಿ ಕೂತು ಒಂದು ಹ್ಯಾಂಬರ್ಗರ್ ತಿನ್ನಲಾದರೆ ಮುಂದೆಯೂ ಬರಬಹುದು. ಆಗದಿದ್ದರೆ ಈ ಬಾಗಿಲೂ ಮುಚ್ಚಿದಂತೆಯೇ. ಆಮೇಲೆ ಅವನಿಗೆ ಉಳಿಯುವುದು ಮನೆಯ ಬಾಗಿಲೊಂದೇ, ಅದರ ಒಳಗೆ ಯಾರೂ ಇಲ್ಲ.

ಒಳಗೆ ಎಲ್ಲ ಮೊದಲಿನಂತೆಯೇ ಇತ್ತು. ಗೋಡೆಯಂಚಿನಲ್ಲಿ ಇದ್ದಿಲ ಕೆಂಡದ ಮುಂದೆ ಮಾಲೀಕ ಡ್ಯೂಯಿ ಬೆನ್ನು ಹಾಕಿ ನಿಂತು ಮಾಂಸ ಮಗುಚುತ್ತಿದ್ದ. ಕಿಟಕಿಯ ಬಳಿ ಹ್ಯಾರ್ಲೋ ಮತ್ತು ನಾರ್ಮ್ ಎಂಬ ಇಬ್ಬರು ಹಳೆಯ ಗಿರಾಕಿಗಳು ಇಸ್ಪೀಟು ಆಡುತ್ತಿದ್ದರು. ಇಬ್ಬರೂ ಕುರ್ಚಿ ಕಾರ್ಖಾನೆಯಲ್ಲಿ ವಿಲ್ಬರ್ಟನ ಜೊತೆ ಕೆಲಸ ಮಾಡಿದವರು.

"ಓಹೋ, ವಿಲ್ಲೀ! ಏನಯ್ಯಾ, ಹೊರಗೆ ಚಳಿ ಜೋರಾ?" ಎಂದ ಹ್ಯಾರ್ಲೋ.

"ಪರವಾಗಿಲ್ಲ."

"ನಾಳೆ ಇನ್ನೂ ಜಾಸ್ತಿ ಅಂತೆ ಮಾರಾಯ," ಎಂದು ನಾರ್ಮ್ ಇಸ್ಪೀಟೆಲೆಗಳಲ್ಲಿ ಮುಖ ಹುದುಗಿಸಿದ. ಮಾತು ಅಲ್ಲಿಗೇ ಮುಗಿಯಿತು.

ಕೌಂಟರಿನ ಕೊನೆಯಲ್ಲಿ ಗೋಡೆ ಪಕ್ಕದ ಎರಡು ಸ್ಟೂಲು ಗಂಡಹೆಂಡತಿಯದು. ವಿಲ್ಬರ್ಟ್ ತನ್ನದರಲ್ಲಿ ಕೂತ. ಗೋಡೆಗೆ ತಾಗಿದ ಅವಳ ಸ್ಟೂಲಿನ ಮೇಲೆ ಟೋಪಿಯನ್ನೂ ಇಡಲಿಲ್ಲ. ಕೌಂಟರಿನಲ್ಲಿ ಹೊಸ ಹೆಂಗಸೊಬ್ಬಳಿದ್ದಳು, ನಲವತ್ತರ ಆಸುಪಾಸು. ಬೇಸಿಗೆಯಲ್ಲಿ ಮಿಲ್ವಾಕಿ ನಗರದಿಂದ ಬಂದವಳಂತೆ, ಹೆಸರು ರೋಂಡಾ. ಅವಳು ಬಿಯರ್ ಇಟ್ಟು, "ಏನು ತಿಂತೀರಿ ಯಜಮಾನ್ರೇ?" ಎಂದಳು.

"ಹ್ಯಾಂಬರ್ಗರ್. ಗಟ್ಟಿ ಬನ್ನು, ಬೆಣ್ಣೆ, ಉಪ್ಪಿನ ಸೌತೆ. ಎರಡು ಮಾಂಸದ ವಡೆ ಹಾಕಿಸಿ, ನಡುವೆ ಕೊಯ್ಯಿಸಿ."

ಬಾಯಿ ತಾನಾಗಿಯೇ ಹೇಳಿಬಿಟ್ಟಿತು. ಜನ್ಮವಿಡೀ ಅದನ್ನೇ ಹೇಳಿದ ಬಾಯಿ, ಅದಕ್ಕೇನು ಗೊತ್ತು ಪಾಪ! ಇಬ್ಬರಿಗೂ ಸೇರಿ ಒಂದು, ನಡುವೆ ಕೊಯ್ದದ್ದು, ಬಲಗಡೆಯದು ಇವನಿಗೆ, ಎಡಗಡೆಯದು ಅವಳಿಗೆ.

ತಟ್ಟೆ ಬಂತು. ಬೆಣ್ಣೆ ಕರಗಿ ಬನ್ನಿನ ಅಂಚಿನಿಂದ ಇಳಿಯುತ್ತಿತ್ತು. ಹೊಗೆ ಹಿಡಿದ ಮಾಂಸದ ಘಮಕ್ಕೆ ಹಾಳು ಹೊಟ್ಟೆ ನಾಚಿಕೆಯಿಲ್ಲದೆ ಗುರುಗುಟ್ಟಿತು. ವಿಲ್ಬರ್ಟ್ ಬಲಗಡೆಯ ಅರ್ಧವನ್ನು ನಿಧಾನವಾಗಿ, ಒಂದು ಚೂರೂ ಬಿಡದೆ ತಿಂದ. ರುಚಿಯಾಗಿಯೇ ಇತ್ತು. ಅದೇ ಅವನಿಗೆ ಸಂಕಟವಾಯಿತು. ಅವಳಿಲ್ಲದೆಯೂ ಇದು ಇಷ್ಟು ರುಚಿಯಾಗಿರಬಹುದೇ? ತಟ್ಟೆಯನ್ನು ಎಡಕ್ಕೆ ಸರಿಸಿದ, ಖಾಲಿ ಸ್ಟೂಲಿನ ಮುಂದಕ್ಕೆ. ಸರಿಸಿದ ಕೈಯನ್ನು ತಾನೇ ನೋಡಿದ. ನಾಲ್ಕು ಜನರೆದುರು ಅಳುವುದುಂಟೇ! ಎದ್ದು, ನೆಲಮಾಳಿಗೆಯ ಮೆಟ್ಟಿಲಿಳಿದು, ಬಚ್ಚಲಿಗೆ ಹೋಗಿ ಮುಖಕ್ಕೆ ತಣ್ಣೀರು ಎರಚಿಕೊಂಡ. ಅಲ್ಲಿಯೇ ಗೋಡೆಗೊರಗಿ ಸ್ವಲ್ಪ ಹೊತ್ತು ನಿಂತ.

ಎಡವಟ್ಟಾದದ್ದು ಇಲ್ಲಿ. ನಮ್ಮ ಕಡೆ ಪಬ್ಬಿನಲ್ಲಿ ನಡುವೆ ಎದ್ದು ಹೋಗುವವರು ಲೋಟದಡಿಯ ರಟ್ಟಿನ ಬಿಲ್ಲೆಯನ್ನು ತೆಗೆದು ಲೋಟದ ಬಾಯಿಗೆ ಮುಚ್ಚಿ ಹೋಗಬೇಕು. ಮುಚ್ಚಿದ್ದರೆ ಬರುತ್ತೇನೆ ಅಂತ. ಮುಚ್ಚದಿದ್ದರೆ ಮುಗಿಯಿತು, ಲೋಟ ಎತ್ತಬಹುದು, ಸ್ಟೂಲು ಬೇರೆಯವರಿಗೆ. ಹಾಲು ಹಲ್ಲಿನ ಮಕ್ಕಳಿಗೂ ಇದು ಗೊತ್ತು. ವಿಲ್ಬರ್ಟನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಒಂದು ದಿನವೂ ಬಿಲ್ಲೆ ಮುಚ್ಚಿದವನಲ್ಲ. ಇವನೆದ್ದರೆ ಅವಳು ಕೂತಿರುತ್ತಿದ್ದಳು, ಅವಳೆದ್ದರೆ ಇವನು.

ಮೇಲೆ ಬಂದು ನೋಡಿದರೆ ಬಿಯರ್ ಇಲ್ಲ, ತಟ್ಟೆ ಇಲ್ಲ. ಕೌಂಟರನ್ನು ಒರೆಸಿದ ಒದ್ದೆ ಇನ್ನೂ ಆರಿರಲಿಲ್ಲ. ಎರಡೂ ಸ್ಟೂಲುಗಳ ಮೇಲೆ ಹರೆಯದ ಗಂಡು ಹೆಣ್ಣು ಕೂತು ಭುಜಕ್ಕೆ ಭುಜ ತಾಗಿಸಿಕೊಂಡು ನಗುತ್ತಿದ್ದರು. ಊರಿಗೆಲ್ಲ ಕುರ್ಚಿ ಮಾಡಿಕೊಟ್ಟವನಿಗೆ ಕೂರಲು ಜಾಗವಿಲ್ಲ! ಡ್ಯೂಯಿಯ ಬೆನ್ನು ಇತ್ತ ಇತ್ತು, ಸರಿ. ಆದರೆ ಇಸ್ಪೀಟಿನ ಆ ಇಬ್ಬರು? "ಏ, ಅದು ನಮ್ಮ ವಿಲ್ಲಿಯ ಜಾಗ" ಎಂದು ಒಂದು ಮಾತು ಹೇಳಲು ಅವರಿಗೇನು ಧಾಡಿಯಾಗಿತ್ತು? ಅವನನ್ನು ನೋಡಬಾರದೆಂದು ಎಲೆಗಳನ್ನೇ ನೋಡುತ್ತಾ ಕೂತವರು ಅವನೆದ್ದದ್ದನ್ನೂ ನೋಡಿರಲಿಲ್ಲ.

"ನನ್ನ ತಟ್ಟೆ..." ಎಂದ ವಿಲ್ಬರ್ಟ್.

ರೋಂಡಾ ತಿರುಗಿದಳು. "ಅಯ್ಯಯ್ಯೋ! ನೀವು ಹೊರಟೇಹೋದ್ರಿ ಅಂದ್ಕೊಂಡೆ ಯಜಮಾನ್ರೇ. ಲೋಟಕ್ಕೆ ಬಿಲ್ಲೆ ಮುಚ್ಚಿರ್ಲಿಲ್ಲ. ಅರ್ಧ ಬೇರೆ ಬಿಟ್ಟಿದ್ರಿ, ಸೇರ್ಲಿಲ್ವೇನೋ ಅಂತ ಎಸೆದುಬಿಟ್ಟೆ."

"ಬಿಲ್ಲೆ ಯಾಕೆ? ಆರ್ಡಿಸ್ ಕೂತಿದ್ಲಲ್ಲ," ಎಂದ ಅವನು.

ಆಡಿದ ಮೇಲೆ ಅವನಿಗೇ ಕೇಳಿಸಿತು. ಇಸ್ಪೀಟಿನ ಸದ್ದು ನಿಂತಿತು. ಡ್ಯೂಯಿ ಚಿಮಟ ಹಿಡಿದುಕೊಂಡೇ ಇತ್ತ ತಿರುಗಿದ.

ಏನೂ ಅರಿಯದ ರೋಂಡಾ ಆಚೀಚೆ ನೋಡಿದಳು. "ನಿಮ್ಮನೆಯವರಾ? ಛೆ, ನಾನು ನೋಡ್ಲೇ ಇಲ್ಲ. ಎಲ್ಲಿದ್ದಾರೆ ಈಗ? ಇಬ್ರಿಗೂ ಜಾಗ ಮಾಡಿಸ್ತೀನಿ ಇರಿ."

"ರೋಂಡಾ," ಎಂದ ಡ್ಯೂಯಿ ಮೆಲ್ಲಗೆ. "ಏ, ಬಾ ಇಲ್ಲಿ."

ಕೂತಿದ್ದ ಹುಡುಗ ಗಡಬಡಿಸಿ ಎದ್ದ. ವಿಲ್ಬರ್ಟ್ ಅವನ ಭುಜ ಒತ್ತಿ ಕೂರಿಸಿದ. ಡ್ಯೂಯಿಯ ಕಡೆಗೂ ಕೈ ಅಡ್ಡ ಮಾಡಿದ. ಬೇಡ, ನಾನೇ ಹೇಳುತ್ತೇನೆ ಎಂಬಂತೆ.

"ಇಲ್ಲಮ್ಮ, ಅವಳಿಲ್ಲ," ಎಂದ. ಅಷ್ಟು ಸಾಲದು ಎನಿಸಿತು. "ಸತ್ತುಹೋದ್ಲು. ನನ್ನ ಹೆಂಡ್ತಿ ಸತ್ತುಹೋದ್ಲು."

ತನ್ನ ಬಾಯಿಂದ ಆ ಮಾತು ಅವನು ಕೇಳಿದ್ದು ಅದೇ ಮೊದಲು. ಕೌಂಟರಿನ ಅಂಚು ಹಿಡಿದುಕೊಂಡ. ಹ್ಯಾರ್ಲೋ ಕೆಮ್ಮಿದ. ಇನ್ನೇನು, ಗಾಳಿಯ ಸುದ್ದಿಯೋ ಹಿಮದ ಸುದ್ದಿಯೋ ಹೊರಡಬೇಕು.

ರೋಂಡಾ ಮಿಲ್ವಾಕಿಯವಳು, ನಮ್ಮ ಊರಿನ ರೀತಿ ಅವಳಿಗಿನ್ನೂ ಹತ್ತಿರಲಿಲ್ಲ. ಒರೆಸುವ ಬಟ್ಟೆ ಬದಿಗಿಟ್ಟು, ಕೌಂಟರಿಗೆ ಮೊಣಕೈ ಊರಿ, ಅವನ ಮುಖವನ್ನೇ ನೋಡುತ್ತಾ, "ಹೇಗಿದ್ರು ಆರ್ಡಿಸ್?" ಎಂದು ಕೇಳಿದಳು.

ವಿಲ್ಬರ್ಟ್ ಬಾಯಿ ತೆರೆದ.

"ಬಾಯಿಬಡುಕಿ ಕಣಮ್ಮಾ," ಎಂದ. ನಗು ಬಂತು, ಅದರ ಹಿಂದೆಯೇ ಕಣ್ಣೀರೂ ಬಂತು, ಈ ಸಲ ಅವನು ತಡೆಯಲಿಲ್ಲ. "ಒಂದು ಗಳಿಗೆ ಸುಮ್ನಿರ್ತಿರ್ಲಿಲ್ಲ. ನಿದ್ದೇಲೂ ಮಾತು. ನಾನು ರೇಗ್ತಿದ್ದೆ, ಸಾಕು ಮಾಡೇ ಅಂತ. ಈಗ ನೋಡು, ಒಂದು ಮಾತಿಲ್ಲ."